ಬಿನ್ಸರ್‌ನ ಓಕ್ ಕಾಡಿನಲ್ಲಿ ಏನಿದೆ?

ಪ್ರಶ್ನೆ: ಏಪ್ರಿಲ್‌ನಲ್ಲಿ ಉತ್ತರಾಖಂಡದ ಬಿನ್ಸರ್ ಅಭಯಾರಣ್ಯಕ್ಕೆ ಹೋಗುವವರಿದ್ದೇವೆ. ಅಲ್ಲಿನ ಓಕ್ ಮರ ನಮ್ಮ ತೋಟದ ಸಿಲ್ವರ್ ಓಕ್‌ನ ಸಂಬಂಧಿಯೇ? ಆ ಕಾಡಿನಲ್ಲಿ ಯಾವ ಸಸ್ಯ, ಪ್ರಾಣಿಗಳನ್ನು ನೋಡಬಹುದು?
– ಓದುಗರು, ಸಕಲೇಶಪುರ

ಉತ್ತರ: ಸಂಬಂಧವೇನೂ ಇಲ್ಲ. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಲದ ಮರ. ನಿಜವಾದ ಓಕ್ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವುದೇ ಇಲ್ಲ. ಅಲ್ಮೋರಾ ಜಿಲ್ಲೆಯ ಬಿನ್ಸರ್‌ನಲ್ಲಿರುವುದು ಆ ಭಾಗದ ಜನರಾದ ಕುಮಾವೂನಿಗರು ಬಾಂಜ್ ಎನ್ನುವ ನಿತ್ಯಹಸಿರು ಓಕ್. ಕುಗ್ಗುತ್ತಿದ್ದ ಈ ಕಾಡನ್ನು ಉಳಿಸಲೆಂದೇ 1988ರಲ್ಲಿ ಸುಮಾರು 47 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಲಾಯಿತು.

ಚಿರತೆ, ಕರಡಿ, ಕಾಡುಕುರಿ, ಮೇಕೆಯಂತಹ ಗೋರಲ್ ಎಲ್ಲವೂ ಅಲ್ಲಿವೆ. ಆದರೆ ಒಂದೆರಡು ದಿನಕ್ಕೆ ಹೋದವರಿಗೆ ಅವು ಕಾಣಿಸುವುದು ಅಪರೂಪ. ಅವುಗಳನ್ನೇ ಹುಡುಕುವ ಬದಲು ಒಂದು ಹಳೆಯ ಬಾಂಜ್ ಮರದ ಬುಡದಲ್ಲಿ ಅರ್ಧ ಗಂಟೆ ನಿಲ್ಲುವುದು ಮೇಲೆಂದು ನನ್ನ ಅಭಿಪ್ರಾಯ. ಗರಗಸದ ಅಂಚಿನ ಎಲೆಯನ್ನು ಮಗುಚಿದರೆ ಅಡಿಭಾಗ ನವಿರಾದ ರೋಮದಿಂದ ಬೆಳ್ಳಗಿರುತ್ತದೆ. ಒರಟು ತೊಗಟೆಯ ಮೇಲೆ ಹಾವಸೆ, ಕಲ್ಲುಹೂವು, ಜರೀಗಿಡ, ಸೀತಾಳೆ ದಂಡೆಗಳು ಒಂದರ ಮೇಲೊಂದು ಮನೆ ಮಾಡಿರುತ್ತವೆ, ಅವುಗಳ ನಡುವೆ ಹುಳು ಹುಡುಕುತ್ತ ಮರಕುಟಿಗಗಳು ಓಡಾಡುತ್ತವೆ. ಎರಡನೆಯ ವರ್ಷಕ್ಕೆ ಬಲಿಯುವ ಓಕ್ ಕಾಯಿ ಕರಡಿಗೂ ಮುಸುವಕ್ಕೂ ಆಹಾರ; ಜೇ ಹಕ್ಕಿಗಳು ಕಾಯಿಗಳನ್ನು ಮಣ್ಣಿನಲ್ಲಿ ಹುದುಗಿಸಿಡುವುದರಿಂದ ಮರೆತುಹೋದ ಕೆಲವು ಮೊಳೆತು ಸಸಿಗಳಾಗುತ್ತವೆ. ಓಕ್‌ನ ಜೊತೆಗಾರ ಬುರಾನ್ಸ್ (ರೋಡೋಡೆಂಡ್ರಾನ್) ಮರದ ಕೆಂಪು ಹೂಗೊಂಚಲು ಏಪ್ರಿಲ್‌ನಲ್ಲಿ ಇನ್ನೂ ಅಷ್ಟಿಷ್ಟು ಉಳಿದಿರಬಹುದು. (ಇದೇ ಜಾತಿಯ ಇನ್ನೊಂದು ಬಗೆ ನೀಲಗಿರಿಯ ಶೋಲಾಗಳಲ್ಲಿದೆ.) ಕಾಫಲ್ ಎಂಬ ಕಾಡುಹಣ್ಣಿಗೆ ಮಾತ್ರ ನೀವು ಸ್ವಲ್ಪ ಬೇಗ ಹೋಗುತ್ತಿದ್ದೀರಿ.

ಪ್ರಶ್ನೆ: ರಕ್ಷಣೆ ಇದ್ದರೂ ಹಿಮಾಲಯದ ಓಕ್ ಕಾಡು ಕ್ಷೀಣಿಸುತ್ತಿದೆ ಎನ್ನುತ್ತಾರಲ್ಲ, ಕಾರಣವೇನು?
– ಓದುಗರು, ಧಾರವಾಡ

ಉತ್ತರ: ಬಾಂಜ್‌ನ ಸೊಪ್ಪು ದನಗಳಿಗೆ ಮೇವು, ಕೊಟ್ಟಿಗೆಗೆ ಹಾಸು, ಕಟ್ಟಿಗೆ ಒಲೆಗೆ. ಕೊಂಬೆಗಳನ್ನು ಮೇಲಿಂದ ಮೇಲೆ ಸವರಿದ ಮರ ಕಾಯಿ ಬಿಡುವುದು ಕಡಿಮೆ. ಕಾಯಿ ಬಿದ್ದರೂ ತೇವವಿರುವ ತರಗೆಲೆಯ ಹಾಸು ಬೇಕು, ಒಣಗಿದರೆ ಅದು ಮೊಳೆಯದು. ನೆಲ ತೆರವಾದಲ್ಲಿ ಬಿಸಿಲನ್ನು ಬಯಸುವ ಚೀಡ್ ಪೈನ್ ನುಗ್ಗುತ್ತದೆ. ರಾಳ ತುಂಬಿದ ಅದರ ಸೂಜಿ ಎಲೆಗಳು ಬೇಸಿಗೆಯಲ್ಲಿ ಥಟ್ಟನೆ ಹೊತ್ತಿಕೊಳ್ಳುತ್ತವೆ; ದಪ್ಪ ತೊಗಟೆಯ ಪೈನ್ ಆ ಬೆಂಕಿಯನ್ನು ತಾಳಿಕೊಂಡರೆ ಓಕ್‌ನ ಎಳೆಯ ಸಸಿಗಳು ಸುಟ್ಟುಹೋಗುತ್ತವೆ, ಮುಂದಿನ ಸಲ ಪೈನ್ ಇನ್ನಷ್ಟು ಮುಂದೊತ್ತುತ್ತದೆ. 2024ರ ಜೂನ್‌ನಲ್ಲಿ ಬಿನ್ಸರ್‌ನಲ್ಲೇ ಕಾಳ್ಗಿಚ್ಚು ನಂದಿಸಲು ಹೋದ ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅಭಯಾರಣ್ಯದೊಳಗೂ ಹಳ್ಳಿಗಳಿರುವುದರಿಂದ ಮೇವಿಗೂ ಉರುವಲಿಗೂ ಬದಲಿ ಒದಗಿಸದೆ ಬರಿಯ ನಿಷೇಧದಿಂದ ಈ ಸರಪಳಿ ಕಡಿಯದು. ಉತ್ತರಾಖಂಡದಲ್ಲಿ ಫೆಬ್ರುವರಿ 15ರಿಂದ ಜೂನ್ 15ರವರೆಗೆ ಬೆಂಕಿಯ ಋತುವೆಂದು ಲೆಕ್ಕ. ಸಕಲೇಶಪುರದ ಓದುಗರು ಹೊರಡುವ ಮುನ್ನ ಪ್ರವೇಶ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು.