ಚಳಿಗಾಲದ ಬಚ್ಚಲು, ಹಿರಿಯರ ಕಾಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಧಾರವಾಡದಿಂದ ಬಂದ ತಾಯಿಗೆ 78 ವರ್ಷ, ಚಳಿಗೆ ಮಂಡಿ ಹಿಡಿದುಕೊಳ್ಳುತ್ತದೆ. ಕಮೋಡ್ ಪಕ್ಕ ಹಾಕಿಸಿದ ಸ್ಟೀಲ್ ಹಿಡಿಕೆ ತಿಂಗಳಲ್ಲೇ ಅಲ್ಲಾಡತೊಡಗಿತು, ಟೈಲ್ ಕೂಡ ಸೀಳಿದೆ. ಹೊಸ ಕಟ್ಟಡ. ಏನು ಮಾಡಬೇಕು? (ವಾಕಡ್, ಪುಣೆ)

ಉತ್ತರ: ಹಿಡಿಕೆ ಬದಲಿಸುವ ಮೊದಲು ಗೋಡೆ ಯಾವುದೆಂದು ನೋಡಿ. ಹೊಸ ಫ್ಲ್ಯಾಟ್‌ಗಳ ಒಳಗೋಡೆ ಅನೇಕ ಕಡೆ ಹಗುರವಾದ, ಗಾಳಿಗುಳ್ಳೆ ತುಂಬಿದ ಸಿಮೆಂಟಿನ ಎಎಸಿ ಬ್ಲಾಕ್‌ನದು, ಕೆಲವೆಡೆ ಪೂರ್ತಿ ಕಾಂಕ್ರೀಟ್. ಡ್ರಿಲ್‌ನಿಂದ ಉದುರುವ ಪುಡಿಯೇ ಹೇಳುತ್ತದೆ: ಬಿಳಿಬೂದು ಬಣ್ಣದ ಮೆತ್ತನೆ ಪುಡಿ ಸಲೀಸಾಗಿ ಬಂದರೆ ಎಎಸಿ, ಕೆಂಪಾದರೆ ಇಟ್ಟಿಗೆ, ಹ್ಯಾಮರ್ (ಡ್ರಿಲ್ ಕುಟ್ಟುತ್ತ ಕೊರೆಯುವಂತೆ ಮಾಡುವ ಗುಂಡಿ) ಹಾಕದೆ ಬಿಟ್ ಮುಂದೆ ಹೋಗದಿದ್ದರೆ ಕಾಂಕ್ರೀಟ್. ಕಾಂಕ್ರೀಟಿಗೆ ಸಾಮಾನ್ಯ ಆ್ಯಂಕರ್ ಬೋಲ್ಟ್ ಸಾಕು. ಎಎಸಿಯಲ್ಲಿ ಫೋಟೊ ನೇತುಹಾಕುವ ಗಿಡ್ಡ ಪ್ಲಾಸ್ಟಿಕ್ ಪ್ಲಗ್ ಹಾಕಿದರೆ, ಆಳು ಭಾರ ಬಿಟ್ಟಷ್ಟೂ ತೂತು ಅಗಲವಾಗುತ್ತದೆ. ನಿಮ್ಮಲ್ಲಿ ಬಹುಶಃ ಆದದ್ದು ಇದೇ. ಅಲ್ಲಿಗೆ ಎಎಸಿಗೆಂದೇ ಬರುವ ಉದ್ದನೆಯ ನೈಲಾನ್ ಫಿಕ್ಸಿಂಗ್ ಅಥವಾ ರಾಸಾಯನಿಕ ಆ್ಯಂಕರ್ (ತೂತಿಗೆ ಗಟ್ಟಿಯಾಗುವ ಅಂಟು ತುಂಬಿ ಕೂರಿಸುವ ಬೋಲ್ಟ್) ಬೇಕು. ಗೋಡೆ 10 ಸೆಂ.ಮೀ. ದಪ್ಪದ್ದೇ ಆಗಿದ್ದರೆ ಆಚೆ ಬದಿಗೆ ಸ್ಟೀಲ್ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಬಿಗಿಸುವುದೇ ಭದ್ರ. ಚಂದ ಕಾಣುವುದಿಲ್ಲ, ಕಾಣದಿದ್ದರೇನಂತೆ.

ಟೈಲ್ ಸೀಳುವುದಕ್ಕೆ ಎರಡು ಕಾರಣ. ಒಂದು, ಹ್ಯಾಮರ್ ಹಾಕಿಯೇ ಟೈಲ್ ಕೊರೆಯುವುದು. ಟೈಲ್ ದಾಟುವವರೆಗೆ ಹ್ಯಾಮರ್ ಇಲ್ಲದೆ ಟೈಲ್ ಬಿಟ್‌ನಲ್ಲಿ ಕೊರೆದು, ಆಮೇಲೆ ಬಿಟ್ ಬದಲಿಸಬೇಕು. ಎಎಸಿಯಲ್ಲಿ ಒಳಗೂ ಹ್ಯಾಮರ್ ಬೇಡ. ಇನ್ನೊಂದು, ಟೈಲ್ ಹಿಂದೆ ಸಿಮೆಂಟ್ ತುಂಬದ ಟೊಳ್ಳು. ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ತೂತು ಹಾಕಿಸಬೇಡಿ. ನಲ್ಲಿ, ಮಿಕ್ಸರ್‌ಗಳ ನೇರ ಮೇಲೆ ಕೆಳಗೆ ಕೊಳವೆ ಹೋಗಿರುತ್ತದೆ, ಅಲ್ಲೂ ಬೇಡ. ರಾಸಾಯನಿಕ ಆ್ಯಂಕರ್‌ಗೆ ಮೊದಲು ತೂತಿನ ಪುಡಿ ಪೂರ್ತಿ ಊದಿ ತೆಗೆಯಬೇಕು. ಅದು ಚಳಿಯಲ್ಲಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಪೊಟ್ಟಣದ ಮೇಲಿನ ಸಮಯ ಮುಗಿಯುವವರೆಗೆ ಯಾರೂ ಹಿಡಿಕೆ ಜಗ್ಗಬಾರದು.

ಹಿಡಿಕೆಯ ದಪ್ಪ 32ರಿಂದ 38 ಮಿ.ಮೀ. ಇರಲಿ, ಗೋಡೆಗೂ ಅದಕ್ಕೂ ನಡುವೆ ಸುಮಾರು 38 ಮಿ.ಮೀ. ಅಂತರವಿರಲಿ. ಅಂತರ ಹೆಚ್ಚಾದರೆ ಕೈ ಜಾರಿದಾಗ ಮೊಣಕೈವರೆಗೂ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎತ್ತರ ನೆಲದಿಂದ 70 ಸೆಂ.ಮೀ. ಆಸುಪಾಸು. ಆದರೆ ತಾಯಿಯನ್ನೇ ಕೂರಿಸಿ, ಏಳುವಾಗ ಕೈ ಸಹಜವಾಗಿ ಹೋಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ, ಟೇಪಿಗಿಂತ ಅದು ಮೇಲು. ಕಮೋಡ್ 40 ಸೆಂ.ಮೀ. ಎತ್ತರದ್ದಾದರೆ ಕ್ಲ್ಯಾಂಪ್ ಇರುವ 5ರಿಂದ 10 ಸೆಂ.ಮೀ. ಎತ್ತರಿಸುವ ಸೀಟು ಹಾಕಿಸಿ, ಕೂತಾಗ ಪಾದ ನೆಲಕ್ಕೆ ಪೂರ್ತಿ ಊರಬೇಕು. ಗಾಳಿಹೀರಿ ಅಂಟುವ ಹಿಡಿಕೆಗಳನ್ನು ಮಾತ್ರ ನಂಬಲೇಬೇಡಿ.

ಪ್ರಶ್ನೆ: ಬಚ್ಚಲೊಳಗೇ ಗ್ಯಾಸ್ ಗೀಸರ್ ಇದೆ. ಥಂಡಿ ಗಾಳಿ ಬರುತ್ತದೆಂದು ಅಪ್ಪ ಕಿಟಕಿ ಮುಚ್ಚಿ ಸ್ನಾನ ಮಾಡುತ್ತಾರೆ. ತೊಂದರೆಯೇ? (ಕೋಥ್ರೂಡ್, ಪುಣೆ)

ಉತ್ತರ: ಪ್ರಾಣಕ್ಕೇ ತೊಂದರೆ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಇಳಿದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಭಾರ, ಸುತ್ತು ಎನ್ನುವಷ್ಟರಲ್ಲಿ ಕಾಲಿಗೆ ಬಲವಿರುವುದಿಲ್ಲ, ಚಿಲಕದವರೆಗೂ ಹೋಗಲಾಗದು. ಗೀಸರನ್ನು ಡ್ರೈ ಬಾಲ್ಕನಿಗೆ (ಬಟ್ಟೆ, ಪಾತ್ರೆ ತೊಳೆಯುವ ತೆರೆದ ಬಾಲ್ಕನಿ) ಸ್ಥಳಾಂತರಿಸಿ, ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಲಿ. ಗ್ಯಾಸ್ ಕೊಳವೆಯನ್ನು ಕಂಪನಿಯ ಅಧಿಕೃತ ಪ್ಲಂಬರೇ ಮುಟ್ಟಬೇಕು. ಅಲ್ಲಿಯವರೆಗೆ ಕಿಟಕಿ, ಬಾಗಿಲು ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಅಪ್ಪ ಒಳಗೆ ಹೋಗಲಿ.

ವಿದ್ಯುತ್ ಗೀಸರಿಗೆ ಬದಲಾಯಿಸುವುದಾದರೆ ಥರ್ಮೋಸ್ಟಾಟ್ 50 ಡಿಗ್ರಿಗೆ ಇಡಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ವಯಸ್ಸಾದ ಚರ್ಮಕ್ಕೆ ಸುಡುವುದು ತಡವಾಗಿ ಗೊತ್ತಾಗುತ್ತದೆ. ಬಕೆಟ್ಟನ್ನು ಭದ್ರವಾದ ಮಣೆಯ ಮೇಲಿಟ್ಟು, ಅಪ್ಪ ರಬ್ಬರ್ ಕಾಲಿನ ಕುರ್ಚಿಯಲ್ಲಿ ಕೂತರೆ ಬಗ್ಗುವುದು ತಪ್ಪುತ್ತದೆ. ಒಳಚಿಲಕ ತೆಗೆಸಿ, ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆರೆಯುವ ಲಾಕ್ ಹಾಕಿಸಿ. ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಬಿದ್ದವರ ಮೈಯೇ ಅದನ್ನು ತಡೆಯುತ್ತದೆ, ಹೊರಕ್ಕೆ ತೆರೆಯುವಂತೆ ಮಾಡಿಸಿ.

ಪ್ರಶ್ನೆ: ಅತ್ತೆಯ ಕೋಣೆಗೆ ಹೀಟರ್ ಕೊಳ್ಳಬೇಕೇ? (ಪಾಷಾಣ್, ಪುಣೆ)

ಉತ್ತರ: ಮೊದಲು ಜಾರುಕಿಟಕಿಯ ಸಂದಿಗೆ ಉಣ್ಣೆಯ ಬ್ರಶ್ ಪಟ್ಟಿ, ಬಾಲ್ಕನಿ ಬಾಗಿಲಡಿಗೆ ರಬ್ಬರ್ ಪಟ್ಟಿ ಹಾಕಿಸಿ. ಅದಾದ ಮೇಲೂ ರಾತ್ರಿ ಕೋಣೆ 18 ಡಿಗ್ರಿಗಿಂತ ಕೆಳಗಿಳಿದರೆ ಎಣ್ಣೆ ತುಂಬಿದ ಹೀಟರ್ ಕೊಳ್ಳಿ. 2000 ವ್ಯಾಟಿನದು ಸುಮಾರು 9 ಆ್ಯಂಪಿಯರ್ ಎಳೆಯುತ್ತದೆ, ನೇರ 16 ಆ್ಯಂಪಿಯರ್ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬಾಕ್ಸ್ ಕರಗೀತು. ಹಾಸಿಗೆಯಿಂದ ಒಂದು ಮೀಟರ್ ದೂರವಿರಲಿ, ವೈರ್ ಓಡಾಡುವ ದಾರಿಗೆ ಅಡ್ಡ ಬರದಿರಲಿ. ಇನ್ನು ಉಣ್ಣೆ ಕಾಲುಚೀಲ ವಿಟ್ರಿಫೈಡ್ ಟೈಲ್ ಮೇಲೆ ಹೀಟರಿಗಿಂತ ಅಪಾಯ. ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವಂಥದ್ದೇ ತನ್ನಿ.

ಪ್ರಶ್ನೆ: ಎಣ್ಣೆಸ್ನಾನ ಬಿಡಲು ಅಜ್ಜಿ ಒಪ್ಪುವುದಿಲ್ಲ. ರಬ್ಬರ್ ಮ್ಯಾಟ್ ಸಾಕೇ? (ಡೊಂಬಿವಲಿ)

ಉತ್ತರ: ಸಾಲದು. ಎಣ್ಣೆ ಬಿದ್ದ ನೆಲದಲ್ಲಿ ಮ್ಯಾಟಿನ ಅಡಿಯ ಗಾಳಿಹೀರುವ ಬಟ್ಟಲುಗಳು ಹಿಡಿಯುವುದಿಲ್ಲ, ಅಜ್ಜಿಯ ಜೊತೆ ಮ್ಯಾಟೂ ಜಾರುತ್ತದೆ. ಎಣ್ಣೆಯನ್ನು ಹೊರಗೆ ಕುರ್ಚಿಯಲ್ಲಿ ಕೂರಿಸಿಯೇ ಹಚ್ಚಿ, ಅಂಗಾಲಿಗೆ ಬೇಡ. ಒಂದು ಹನಿ ತಾಗಿದ್ದರೂ ಪಾದ ಒರೆಸಿ, ಕೈಹಿಡಿದು ಒಳಗೆ ಕರೆದೊಯ್ಯಿರಿ. ಸ್ನಾನವಾದ ಕೂಡಲೇ ನೆಲಕ್ಕೂ ಮ್ಯಾಟಿನ ಎರಡೂ ಬದಿಗೂ ಬಿಸಿನೀರು, ಪಾತ್ರೆಯ ಸೋಪು ಹಾಕಿ ಉಜ್ಜಿ. ಇಲ್ಲದಿದ್ದರೆ ಮುಂದೆ ಸ್ನಾನಕ್ಕೆ ಹೋಗುವವರು ಜಾರುತ್ತಾರೆ.