ಭೂತಾನವನ್ನು ಆಳುವವರು ಯಾರು?

ಪ್ರಶ್ನೆ: ಭೂತಾನದಲ್ಲಿ ರಾಜರೂ ಇದ್ದಾರೆ, ಚುನಾವಣೆಯೂ ನಡೆಯುತ್ತದೆ ಎಂದು ಓದಿದ್ದೇನೆ. ಹಾಗಾದರೆ ಅಲ್ಲಿ ಆಳುವವರು ಯಾರು? ಆ ನಾಡಿನ ನೆಲ ಮತ್ತು ಜನಜೀವನದ ಬಗೆಗೂ ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಸಾಗರ

ಉತ್ತರ: ಭೂತಾನವನ್ನು ಅರಿಯಲು ಪುನಾಖಾದ ಜೋಂಗ್‌ನಿಂದ, ಅಂದರೆ ಅಲ್ಲಿನ ಕೋಟೆಯಿಂದ, ತೊಡಗುವುದು ಒಳ್ಳೆಯದು. ಫೋ ಛು, ಮೋ ಛು ಎಂಬ ಹೊಳೆಗಳು ಕೂಡುವೆಡೆಯಲ್ಲಿ 1637–38ರಲ್ಲಿ ಕಟ್ಟಿದ ಈ ಕೋಟೆಯ ಒಂದು ಭಾಗದಲ್ಲಿ ಜಿಲ್ಲಾಡಳಿತದ ಕಚೇರಿಗಳಿವೆ, ಇನ್ನೊಂದರಲ್ಲಿ ಬೌದ್ಧ ಭಿಕ್ಷುಗಳ ಮಠವಿದೆ. ಇಂಥ ಜೋಂಗ್‌ಗಳು ದೇಶದ ಕಣಿವೆಗಳಲ್ಲೆಲ್ಲ ಕಾಣಸಿಗುತ್ತವೆ. ರಾಷ್ಟ್ರಭಾಷೆಯಾದ ಜೋಂಗ್‌ಖಾದ ಹೆಸರಿಗೂ ‘ಕೋಟೆಯ ನುಡಿ’ ಎಂದೇ ಅರ್ಥ.

ಎಂಟು ಲಕ್ಷಕ್ಕಿಂತ ಕಡಿಮೆ ಜನರಿರುವ ಈ ಪುಟ್ಟ ದೇಶ ಅಸ್ಸಾಂ, ಬಂಗಾಳಗಳ ಗಡಿಯ ತಪ್ಪಲಿನಿಂದ 7,500 ಮೀಟರ್ ಮೀರಿದ ಹಿಮಶಿಖರಗಳವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಶಿಖರಗಳು ದೇವತೆಗಳ ನೆಲೆಯೆಂಬ ನಂಬಿಕೆಯಿರುವುದರಿಂದ 2003ರಿಂದ ಪರ್ವತಾರೋಹಣವನ್ನೇ ನಿಷೇಧಿಸಲಾಗಿದೆ. ದಕ್ಷಿಣಕ್ಕೆ ಧುಮುಕುವ ನದಿಗಳಿಂದ ವಿದ್ಯುತ್ ಉತ್ಪಾದಿಸಿ ಭಾರತಕ್ಕೆ ಮಾರುವುದು ದೇಶದ ಮುಖ್ಯ ಆದಾಯಗಳಲ್ಲೊಂದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 1907ರಿಂದ ವಾಂಗ್‌ಚುಕ್ ವಂಶದ ಆಳ್ವಿಕೆಯಲ್ಲಿದ್ದ ಭೂತಾನದಲ್ಲಿ ಪ್ರಜಾಪ್ರಭುತ್ವ ಜನರ ಹೋರಾಟದಿಂದಲ್ಲ, ಬಹುಮಟ್ಟಿಗೆ ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಒತ್ತಾಸೆಯಿಂದಲೇ ಬಂದಿತೆಂಬುದು ನಿಜಕ್ಕೂ ಅಪರೂಪದ ಸಂಗತಿ. ಅವರು 2006ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟರು. 2008ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆದು, ಸಂವಿಧಾನವೂ ಜಾರಿಗೆ ಬಂದಿತು. ಈಗ ದೊರೆ ರಾಷ್ಟ್ರದ ಮುಖ್ಯಸ್ಥರು, ಸರ್ಕಾರ ನಡೆಸುವವರು ಪ್ರಧಾನಿ. 47 ಸದಸ್ಯರ ರಾಷ್ಟ್ರೀಯ ಸಭೆಗೆ ಮತದಾನ ಎರಡು ಸುತ್ತುಗಳಲ್ಲಿ ನಡೆಯುತ್ತದೆ: ಮೊದಲ ಸುತ್ತಿನಲ್ಲಿ ಹೆಚ್ಚು ಮತ ಪಡೆದ ಎರಡು ಪಕ್ಷಗಳಷ್ಟೇ ಎರಡನೆಯದಕ್ಕೆ ಉಳಿಯುತ್ತವೆ. ಧರ್ಮ ರಾಜಕೀಯದಿಂದ ಹೊರಗಿರಬೇಕೆಂಬ ನಿಯಮದಂತೆ ಭಿಕ್ಷುಗಳಿಗೆ ಮತದಾನವಿಲ್ಲ. ದೊರೆಯೂ 65 ತುಂಬಿದಾಗ ಸಿಂಹಾಸನ ಬಿಡಬೇಕು. ನೆಲದ ಕನಿಷ್ಠ ಶೇಕಡಾ 60ರಷ್ಟು ಎಂದೆಂದಿಗೂ ಕಾಡಾಗಿ ಉಳಿಯಬೇಕೆಂದು ಸಂವಿಧಾನವೇ ವಿಧಿಸಿದೆ.

ಸಂಸ್ಕೃತಿಯಲ್ಲಿ ವಜ್ರಯಾನ ಬೌದ್ಧಧರ್ಮದ್ದೇ ಮೇಲುಗೈ. ಬೈಲಕುಪ್ಪೆಯ ಚಿನ್ನದ ದೇವಾಲಯದಲ್ಲಿ ತಾವು ಮೂರ್ತಿಯಾಗಿ ಕಂಡಿರಬಹುದಾದ ಬೌದ್ಧ ಗುರು ಪದ್ಮಸಂಭವರು ಪಾರೋ ಕಣಿವೆಯ ಬಂಡೆಯ ಮೇಲಿನ, ಈಗ ಮಠವಿರುವ ತಕ್ತ್ಸಾಂಗ್‌ಗೆ ಹೆಣ್ಣುಹುಲಿಯನ್ನೇರಿ ಬಂದು ತಪಸ್ಸು ಮಾಡಿದರೆಂದು ಭೂತಾನಿಗರು ನಂಬುತ್ತಾರೆ. ಗಂಡಸರ ಘೋ, ಹೆಂಗಸರ ಕಿರಾ ಉಡುಪುಗಳು ಕಚೇರಿ, ಶಾಲೆಗಳಲ್ಲಿ ಇಂದಿಗೂ ಕಡ್ಡಾಯ.

ಆದರೆ ಭೂತಾನವೆಂದರೆ ಬರೀ ಸಂತೋಷದ ನಾಡು ಎಂದು ಹೇಳಿ ಮುಗಿಸಲು ನನಗೆ ಮನಸ್ಸು ಬಾರದು. 1980ರ ದಶಕದ ಕೊನೆಯಲ್ಲಿ ಇದೇ ಉಡುಪಿನ ನಿಯಮವನ್ನೂ ಬಿಗಿಯಾದ ಪೌರತ್ವದ ಷರತ್ತುಗಳನ್ನೂ ದಕ್ಷಿಣದ ನೇಪಾಳಿ ಭಾಷಿಕರ ಮೇಲೆ ಹೇರಲಾಯಿತು; ಮುಂದಿನ ಕೆಲವೇ ವರ್ಷಗಳಲ್ಲಿ ಲಕ್ಷದಷ್ಟು ಜನ ಊರುಮನೆ ಕಳೆದುಕೊಂಡು ಪೂರ್ವ ನೇಪಾಳದ ಶಿಬಿರಗಳನ್ನು ಸೇರಿದರು. ಅವರಲ್ಲಿ ಬಹುಪಾಲು ಜನರಿಗೆ ಕೊನೆಗೆ ನೆಲೆ ಸಿಕ್ಕಿದ್ದು ಅಮೆರಿಕ ಮೊದಲಾದ ದೂರದೇಶಗಳಲ್ಲಿ, ಹುಟ್ಟಿದ ನೆಲದಲ್ಲಲ್ಲ.