ಗಾಯರಾನ್ ಸೋಲಾರ್‌ಗೆ ಹೋದರೆ ನಿಮಗೆ ಬಾಡಿಗೆ ಬರುತ್ತಾ?

ಮಹಾರಾಷ್ಟ್ರದ ಇಂದಾಪುರ ಕಡೆಯ ನಿಮ್ಮೂರಿನ ಗಾಯರಾನ್, ಅಂದ್ರೆ ದನ ಮೇಯಿಸೋ ಜಾಗ, ಸೋಲಾರ್‌ಗೆ ಹೋದರೆ ಪಾವಗಡದ ಸೋಲಾರ್ ಪಾರ್ಕ್‌ಗೆ ಹೊಲ ಕೊಟ್ಟ ರೈತರ ಹಾಗೆ ನಿಮಗೂ ವರ್ಷಾವರ್ಷ ದುಡ್ಡು ಬರುತ್ತಾ ಅಂತ ಕೇಳಿದ್ದೀರಿ. ಇಲ್ಲ ಸರ್, ಬರಲ್ಲ. ಪಾವಗಡದ್ದು ಬಹುಪಾಲು ರೈತರ ಸ್ವಂತ ಹೊಲ, ಅವರು ಅದನ್ನು ಲೀಸ್‌ಗೆ ಕೊಟ್ಟಿದ್ದಾರೆ, ಅದಕ್ಕೇ ಬಾಡಿಗೆ. ಗಾಯರಾನ್ ನಮ್ಮ ಗೋಮಾಳ ಇದ್ದ ಹಾಗೆ, ಸರ್ಕಾರದ್ದು.

ರೈತರ ಪಂಪ್‌ಸೆಟ್‌ಗೆ ಸೋಲಾರ್ ಕರೆಂಟ್ ಕೊಡೋ ಮಹಾರಾಷ್ಟ್ರದ ಸೌರ ಕೃಷಿ ವಾಹಿನಿ ಯೋಜನೆಯಲ್ಲಿ ಇಂಥ ಜಮೀನು ನಾಮಕಾವಾಸ್ತೆ ಬಾಡಿಗೆಗೆ ಹೋಗುತ್ತದೆ. ಖಾಸಗಿ ಹೊಲವಾದರೆ ಹೆಕ್ಟೇರಿಗೆ ವರ್ಷಕ್ಕೆ ಕಡಿಮೆ ಅಂದ್ರೂ 1.25 ಲಕ್ಷ. ನಿಮ್ಮ ಸ್ವಂತ ಬರಡು ಹೊಲ ಸಬ್‌ಸ್ಟೇಷನ್ ಹತ್ತಿರ ಇದ್ದರೆ ಅದನ್ನು ಕೊಡಬಹುದಾ ನೋಡಿ. ಯಾವುದು ಯಾರದ್ದು ಅಂತ ಮೊದಲು ತಲಾಠಿ (ಊರಿನ ಗ್ರಾಮಲೆಕ್ಕಿಗ) ಹತ್ತಿರ ಸಾತ್‌ಬಾರಾ, ಅಂದ್ರೆ ನಮ್ಮ ಪಹಣಿಯಂಥ ಜಮೀನಿನ ದಾಖಲೆ, ತೆಗೆಸಿ, ಸುಮ್ನೆ ಊರಲ್ಲಿ ಹೇಳಿದ್ದನ್ನು ನಂಬಬೇಡಿ.

ಗ್ರಾಮಪಂಚಾಯ್ತಿಗೆ ಯೋಜನೆಯಿಂದ ಅನುದಾನ ಉಂಟು, ಅದು ಮನೆಮನೆಗೆ ಹಂಚೋದಲ್ಲ. ಆದರೆ ನನಗೆ ಚಿಂತೆ ಮೇವಿನದ್ದು. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ ಬೇಕು, ಸುತ್ತ ಬೇಲಿ ಹಾಕ್ತಾರೆ, ಕುರಿ ಮೇಕೆ ಇರೋರು ಎಲ್ಲಿಗೆ ಹೋಗಬೇಕು? ಗಾಳಿಯಂತ್ರದ ಕೆಳಗಾದರೆ ದನ ಮೇಯಬಹುದು, ಅದು ಸಾತಾರಾದ ಚಾಳ್ಕೇವಾಡಿಯಂಥ ಎತ್ತರದಲ್ಲಿ ಸರಿ, ನಿಮ್ಮ ಬಯಲಿನಲ್ಲಿ ಅಷ್ಟು ಗಾಳಿ ಎಲ್ಲಿದೆ ಅಲ್ವಾ. ಗ್ರಾಮಸಭೆ ಕರೆದಾಗ ಪುಣೆಯಲ್ಲೇ ಕೂರದೆ ಹೋಗಿ, ಮೇಯಿಸೋಕೆ ಎಷ್ಟು ಜಾಗ ಬಿಡ್ತೀರಿ ಅಂತ ಕೇಳಿ, ಉತ್ತರವನ್ನು ಸಭೆಯ ಠರಾವಿನಲ್ಲಿ (ನಿರ್ಣಯದಲ್ಲಿ) ಬರೆಸಿ.